ಹಾಯಿಹಡಗಿನ ವಿಹಾರಯಾನ: ಕೃಷ್ಣಾ–ಭೀಮಾ ನಡುನಾಡಿನಿಂದ

ಗಾಳಿಯ ಬಲದಿಂದ ಸಾಗುವ ಹಳೆಯ ಮಾದರಿಯ ಹಡಗನ್ನೇರಿ, ಹತ್ತಿಪ್ಪತ್ತು ಮಂದಿಯೊಡನೆ ಕೆಲವು ದಿನ ನೀರಿನ ಮೇಲೆಯೇ ಉಂಡು, ಮಲಗಿ, ತಿರುಗಾಡಿ ಬರುವ ಪ್ರವಾಸವೇ ಹಾಯಿಹಡಗಿನ ವಿಹಾರಯಾನ. ಸಾವಿರಾರು ಜನರನ್ನು ತುಂಬಿಕೊಂಡು ಹೋಗುವ ಕ್ರೂಸ್ ಹಡಗಿಗೂ ಇದಕ್ಕೂ ಸಮುದ್ರವೊಂದನ್ನು ಬಿಟ್ಟರೆ ಹೆಚ್ಚಿನ ನಂಟಿಲ್ಲ. ಇಲ್ಲಿ ಈಜುಕೊಳವಿಲ್ಲ, ಅಂಗಡಿ ಸಾಲಿಲ್ಲ. ಹಾಯಿ ಏರಿಸುವಾಗ ಕರೆದರೆ ಹಣ ಕೊಟ್ಟು ಬಂದವನೂ ಹಗ್ಗಕ್ಕೆ ಕೈ ಹಾಕಬೇಕು. ಬೇರೆ ಬೇರೆ ದೇಶಗಳಲ್ಲಿ ಈ ಪ್ರವಾಸ ಹೇಗೆ ಶುರುವಾಯಿತೆಂದು ನೋಡುತ್ತ ಹೋದರೆ ಹೆಚ್ಚುಕಡಿಮೆ ಒಂದೇ ಕಥೆ ಎದುರಾಗುತ್ತದೆ. ಇಟ್ಟಿಗೆ, ಕಟ್ಟಿಗೆ, ಭತ್ತ, ಸ್ಪಂಜು ಹೊರುತ್ತಿದ್ದ ದೋಣಿಗಳು ಲಾರಿ, ರೈಲು, ಎಂಜಿನ್ನುಗಳ ಮುಂದೆ ಸೋತವು. ಸುಮ್ಮನೆ ಕೊಳೆಯುವ ಬದಲು ಜನರನ್ನು ಹೊತ್ತವು. ಈ ಪ್ರವಾಸವೆಂದರೆ ಕೆಲಸ ಕಳೆದುಕೊಂಡ ದೋಣಿಗೆ ಸಿಕ್ಕ ಎರಡನೆಯ ಬದುಕು.

ಇದನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ನೋಡುವುದು ಮೊದಲಿಗೆ ವಿಚಿತ್ರವೆನಿಸೀತು. ನೇರ ಗೆರೆ ಎಳೆದರೂ ಅರಬ್ಬಿ ಸಮುದ್ರ ಇಲ್ಲಿಂದ 250 ಕಿಲೋಮೀಟರಿಗಿಂತ ದೂರ, ನಡುವೆ ಸಹ್ಯಾದ್ರಿ. ಜೋಳ, ತೊಗರಿ, ಕಡಲೆಯ ಎರೆಭೂಮಿ. ನೀರೆಂದರೆ ಮೊದಲು ನೆನಪಾಗುವುದು ಬರ. ಆದರೂ ಈ ನಾಲ್ಕು ಹಳೆಯ ತಾಲ್ಲೂಕುಗಳ ಅಂಚನ್ನು ಎರಡು ದೊಡ್ಡ ಹೊಳೆಗಳು ಹಿಡಿದಿವೆ. ಇಂಡಿ, ಸಿಂದಗಿಗಳ ಉತ್ತರಕ್ಕೆ ಭೀಮಾ. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ದಕ್ಷಿಣಕ್ಕೆ ಕೃಷ್ಣಾ. ನಡುವೆ ಡೋಣಿ ಹರಿಯುತ್ತದೆ. ಅದು ಬೆಳೆದರೆ ಓಣಿ ತುಂಬ ಜೋಳ ಎಂಬ ಮಾತು ಇಲ್ಲಿನ ಮುದುಕರ ಬಾಯಲ್ಲಿ ಈಗಲೂ ಇದೆ. ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಈಚೆಗೆ ಬೇರೆ ತಾಲ್ಲೂಕುಗಳಾಗಿದ್ದರೂ ಹೊಳೆಸಾಲಿನ ಬದುಕು ಆಡಳಿತದ ಗೆರೆ ನೋಡಿ ಬದಲಾಗಿಲ್ಲ.

ಈ ಹೊಳೆಗಳಲ್ಲಿ ಹಾಯಿಹಡಗು ಯಾವತ್ತೂ ಓಡಲಿಲ್ಲ. ಕಾರಣ ಸರಳ. ಕೃಷ್ಣೆಯ ಪಾತ್ರದಲ್ಲಿ ಬಂಡೆಗಳೇ ಹೆಚ್ಚು. ಮಳೆಗಾಲದಲ್ಲಿ ಎದೆ ನಡುಗಿಸುವ ಸೆಳೆತ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಭೀಮೆಯಂತೂ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಹೊಳೆ, ಬಿಡದಿದ್ದರೆ ಮರಳು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಗುರುತಿಸಿದ 111 ಜಲಮಾರ್ಗಗಳಲ್ಲಿ ಭೀಮೆಯ ಹೆಸರೂ ಇದೆ. ಏಪ್ರಿಲ್ ತಿಂಗಳಲ್ಲಿ ಭೀಮಾ ತೀರಕ್ಕೆ ಹೋಗಿ ನಿಂತವರಿಗೆ ಆ ಪಟ್ಟಿ ಓದಿ ನಗು ಬರದೆ ಇರದು.

ಹೀಗಾಗಿ ಇಲ್ಲಿನ ನೀರಿಗೆ ಒಪ್ಪಿದ ವಾಹನ ಹರಿಗೋಲು. ಬಿದಿರಿನ ಸೀಳುಗಳನ್ನು ಅಡ್ಡಡ್ಡ ಹೆಣೆದು, ಅಂಚನ್ನು ಬಗ್ಗಿಸಿ ಕಟ್ಟಿ, ಹೊರಗೆ ಎಮ್ಮೆಯ ತೊಗಲು ಹೊದಿಸಿದರೆ ಆಯಿತು. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು, ಫೈಬರ್ ಬಂದಿವೆ. ಹತ್ತುವಾಗ ನಟ್ಟನಡುವೆ ಕಾಲಿಡಬೇಕು, ಆಮೇಲೆ ಒಬ್ಬರಿಗೆದುರಾಗಿ ಒಬ್ಬರು ಅಂಚಿನ ಸುತ್ತ ಕೂರಬೇಕು. ಒಂದೇ ಕಡೆ ಭಾರ ಬಿದ್ದರೆ ಅಂಬಿಗ ಸುಮ್ಮನಿರುವುದಿಲ್ಲ. ಅವನ ಕೈಯಲ್ಲಿ ಒಂದೇ ಹುಟ್ಟು. ಅದನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ. ಹಾಗೆ ಮಾಡದಿದ್ದರೆ ಹರಿಗೋಲು ನಿಂತಲ್ಲೇ ಗಿರಗಿರ ತಿರುಗುತ್ತದೆ. ತಳದಲ್ಲಿ ನೀರನ್ನು ಸೀಳುವ ಏಣಿಲ್ಲದ ದುಂಡು ಬುಟ್ಟಿಗೆ ಹಾಯಿ ಕಟ್ಟಿ ಪ್ರಯೋಜನವಿಲ್ಲ. ಗಾಳಿ ಅದನ್ನು ಬುಗುರಿ ಮಾಡಿಬಿಡುತ್ತದೆ. ಪ್ರವಾಹಕ್ಕೆ ಎದುರಾಗಿ ಹೋಗುವುದೂ ಅದಕ್ಕೆ ಆಗದ ಕೆಲಸ. ಓರೆಯಾಗಿ ಆಚೆ ದಡದ ಕೆಳಭಾಗಕ್ಕೆ ಮುಟ್ಟಿಸಿ, ಖಾಲಿ ಬುಟ್ಟಿಯನ್ನು ಬೆನ್ನಿನ ಮೇಲೆ ಹೊತ್ತು ದಡದುದ್ದ ನಡೆದು, ಮತ್ತೆ ಮೇಲಿನಿಂದ ಬಿಡುವುದು ಅಂಬಿಗರ ಪದ್ಧತಿ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ತುಂಗಭದ್ರೆ ದಾಟಿಸುತ್ತಿದ್ದ ಇಂಥ ದೋಣಿಗಳನ್ನು ಬಣ್ಣಿಸಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನರ ಸಾಮರ್ಥ್ಯ, ಸದಾ ಸುತ್ತುತ್ತಲೇ ಸಾಗುವ ಓಟ. ಬೇಕೆಂದರೆ ಕುದುರೆ, ಎತ್ತುಗಳನ್ನೂ ಏರಿಸುತ್ತಿದ್ದರಂತೆ. ಮುಂದಿನ ಶತಮಾನದಲ್ಲಿ ವಜ್ರದ ಗಣಿಗಳಿಗೆ ಹೊರಟಿದ್ದ ಫ್ರೆಂಚ್ ವ್ಯಾಪಾರಿ ಟಾವೆರ್ನಿಯೆ ಎತ್ತಿನ ತೊಗಲು ಹೊದಿಸಿದ ಬುಟ್ಟಿಯಲ್ಲೇ ಹೊಳೆ ದಾಟಿದ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿ ಕೃಷ್ಣಾ ಕಣಿವೆಯ ಹೊಳೆಗಳಿಗೆಂದೇ ಬುಟ್ಟಿದೋಣಿಗಳನ್ನು ಮಾಡಿಸಿದ. ನೆಪೋಲಿಯನ್ನನನ್ನು ಸೋಲಿಸುವ ಮುಂಚೆ ಈ ಸೇನಾಪತಿ ಎಮ್ಮೆತೊಗಲಿನ ಲೆಕ್ಕ ಹಾಕುತ್ತ ಕೂತಿದ್ದನೆಂಬುದು ಚರಿತ್ರೆಯ ಪಠ್ಯಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

1565ರ ಜನವರಿಯ ತಾಳಿಕೋಟೆ ಯುದ್ಧವೂ ಒಂದರ್ಥದಲ್ಲಿ ಹೊಳೆ ದಾಟುವ ಕಥೆಯೇ. ಕೃಷ್ಣೆಯ ಕಡವುಗಳನ್ನು ವಿಜಯನಗರದ ದಂಡು ಕಾಯುತ್ತಿತ್ತು. ಸುಲ್ತಾನರ ಸೈನ್ಯ ಬೇರೆಡೆ ದಾಟುವಂತೆ ನಟಿಸಿ ಅವರನ್ನು ಎಳೆದೊಯ್ದು, ತೆರವಾದ ಕಡವಿನಲ್ಲಿ ಆಚೆ ದಾಟಿತು. ಕದನಕ್ಕೆ ರಕ್ಕಸಗಿ–ತಂಗಡಗಿಯ ಹೆಸರೂ ಅಂಟಿಕೊಂಡಿದೆ. ಆ ತಂಗಡಗಿ ಮುದ್ದೇಬಿಹಾಳ ಸೀಮೆಯ ಹೊಳೆದಂಡೆಯ ಊರು, ಬಸವಣ್ಣನವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳವೆಂದು ಭಕ್ತರು ಬರುವ ಜಾಗ. ಬಸವಣ್ಣ ಹುಟ್ಟಿದ್ದು ಬಾಗೇವಾಡಿಯಲ್ಲಿ, ಐಕ್ಯನಾದದ್ದು ಕೃಷ್ಣಾ–ಮಲಪ್ರಭೆಗಳ ಕೂಡಲಸಂಗಮದಲ್ಲಿ. ಬಸವಣ್ಣನ ಕಾಲದ ಶರಣರ ಗುಂಪಿನಲ್ಲಿ ಅಂಬಿಗರ ಚೌಡಯ್ಯ ಹುಟ್ಟು ಹಾಕುವ ಕಾಯಕದವನು. ಅವನ ನೆಲೆ ಹಾವೇರಿ ಜಿಲ್ಲೆಯ ತುಂಗಭದ್ರಾ ತೀರದ ಚೌಡದಾನಪುರ. ವಚನಕಾರರಲ್ಲಿ ಅತ್ಯಂತ ಖಾರದ ಬಾಯಿ ಯಾರದು ಎಂದರೆ ಬಹುಮಂದಿ ತೋರಿಸುವುದು ಈ ದೋಣಿಯವನನ್ನೇ.

ಹೊಳೆಯಲ್ಲಿ ಹಾಯಿ ಇರಲಿಲ್ಲ ಎಂದಮಾತ್ರಕ್ಕೆ ಈ ನಾಡಿಗೆ ಹಾಯಿಹಡಗು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬಸವನ ಬಾಗೇವಾಡಿಯಿಂದ ಕೃಷ್ಣೆ ದಾಟಿ ದಕ್ಷಿಣಕ್ಕೆ ನಡೆದರೆ ಐಹೊಳೆ. ಅಲ್ಲಿನ ಮೇಗುತಿ ಬಸದಿಯ ಗೋಡೆಯಲ್ಲಿ, 634–35ರಲ್ಲಿ ರವಿಕೀರ್ತಿ ಬರೆದ ಶಾಸನವಿದೆ. ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಪುರಿ ಎಂಬ ನಗರವನ್ನು ನೂರಾರು ಹಡಗುಗಳೊಂದಿಗೆ ಮುತ್ತಿದ ಸಂಗತಿಯನ್ನು ಅದು ಹೇಳುತ್ತದೆ. ಕಡಲು ಕಾಣದ ಬಾದಾಮಿಯಲ್ಲಿ ಕೂತು ಆಳಿದ ಅರಸನಿಗೆ ನೌಕಾಬಲವಿತ್ತು. ಗೋವೆಯ ಕದಂಬರು ತಮ್ಮನ್ನು ಪಶ್ಚಿಮ ಸಮುದ್ರದ ಒಡೆಯರೆಂದೇ ಕರೆದುಕೊಂಡರು. ಕಲಬುರಗಿಯಿಂದ ಆಳಿದ ಫಿರೋಜ್ ಷಾ ಬಹಮನಿ (1397–1422) ಭೀಮಾ ದಂಡೆಯಲ್ಲಿ ಫಿರೋಜಾಬಾದ್ ಕಟ್ಟಿಸಿದವನು. ಗೋವೆ, ಚೌಲ್ ಬಂದರುಗಳಿಂದ ಪ್ರತಿವರ್ಷ ಹಡಗು ಕಳಿಸಿ ಹೊರನಾಡಿನ ಸರಕನ್ನೂ ಪಂಡಿತರನ್ನೂ ತರಿಸುತ್ತಿದ್ದನೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ವಿಜಯಪುರದ ಆದಿಲ್‌ಶಾಹಿಗಳು 1510ರಲ್ಲಿ ಗೋವೆಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ ಮೇಲೆ ದಾಭೋಳ ಅವರ ಮುಖ್ಯ ಬಂದರಾಯಿತು. ಅರಬ್ಬಿ ಕುದುರೆ, ಹಜ್ ಯಾತ್ರಿಕ, ಪರ್ಷಿಯದ ಕವಿ, ಎಲ್ಲರೂ ಬರುವುದು ಹೋಗುವುದು ಹಾಯಿಯ ಮೇಲೆಯೇ.

ಆ ಕಾಲದ ಪ್ರಯಾಣಿಕನ ಪಾಡು ಹೇಗಿತ್ತೆಂಬುದಕ್ಕೆ ರಷ್ಯಾದ ಅಫನಾಸಿ ನಿಕಿತಿನ್ ಒಳ್ಳೆಯ ಸಾಕ್ಷಿ. ಹೊರ್ಮುಜ್‌ನಲ್ಲಿ ಹಡಗು ಹತ್ತಿದ ಈ ವ್ಯಾಪಾರಿ ಮಾರಾಟಕ್ಕೆಂದು ತಂದ ಒಂದೇ ಒಂದು ಕುದುರೆಯೊಂದಿಗೆ ಚೌಲ್‌ನಲ್ಲಿ ಇಳಿದು, ಬೀದರ್‌ವರೆಗೆ ಬಂದು, ಕೆಲವು ವರ್ಷ ದಖ್ಖನ್ನಿನಲ್ಲಿ ಅಲೆದು, 1470ರ ದಶಕದ ಆರಂಭದಲ್ಲಿ ದಾಭೋಳದಿಂದ ವಾಪಸು ಹೊರಟ. ಹಿಂದೂ ಮಹಾಸಾಗರದ ಹಡಗುಗಳಲ್ಲಿ ಅನೇಕವು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದವು. ಮಾರ್ಕೊ ಪೋಲೊ ಹೊರ್ಮುಜ್‌ನಲ್ಲಿ ಇಂಥವನ್ನು ನೋಡಿ ಹೆದರಿ, ಇವು ತೀರಾ ಕಳಪೆ, ಎಷ್ಟೋ ಮುಳುಗುತ್ತವೆ ಎಂದು ಬರೆದ. ಅವನ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಹೊಲಿದ ಹಡಗು ಅಲೆಗೆ ಬಳುಕುತ್ತದೆ, ಮರಳದಿಬ್ಬಕ್ಕೆ ತಗುಲಿದರೂ ತಟ್ಟನೆ ಸೀಳುವುದಿಲ್ಲ. ಸಾವಿರ ವರ್ಷಕ್ಕೂ ಮಿಕ್ಕಿ ಈ ಕಸುಬು ನಡೆದುಬಂದದ್ದು ಸುಮ್ಮನೆ ಅಲ್ಲ.

ಇಂಡಿಯವರು ಇಲ್ಲಿ ಒಂದು ಅಡ್ಡಮಾತು ಸೇರಿಸಬಹುದು. ದೂರದ ಹಾಯಿಯಾನದಲ್ಲಿ ನಾವಿಕರನ್ನು ಬಿರುಗಾಳಿಗಿಂತ ಹೆಚ್ಚು ಕೊಂದದ್ದು ಸ್ಕರ್ವಿ: ಒಸಡು ಕೊಳೆತು, ಹಳೆಯ ಗಾಯ ಬಾಯಿಬಿಡುವ ರೋಗ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಬ್ರಿಟಿಷ್ ಯುದ್ಧನೌಕೆಯೊಂದರಲ್ಲಿ ರೋಗಿಗಳಿಗೆ ಬೇರೆ ಬೇರೆ ಪಥ್ಯ ಕೊಟ್ಟು ನೋಡಿದಾಗ ಕಿತ್ತಳೆ, ನಿಂಬೆ ತಿಂದವರು ಬೇಗ ಎದ್ದು ಕೂತರು. 1795ರಿಂದ ಆ ನೌಕಾಪಡೆ ನಿಂಬೆರಸ ಹಂಚಿತು. ಈಗ ಇಂಡಿ, ಸಿಂದಗಿಗಳ ತೋಟಗಳಿಂದ ಲಾರಿಗಟ್ಟಲೆ ಲಿಂಬೆ ಹೊರಡುವುದನ್ನು ನೋಡಿದರೆ, ಹಾಯಿಹಡಗಿನ ಯುಗಕ್ಕೆ ಅತಿ ಹೆಚ್ಚು ಬೇಕಾಗಿದ್ದ ಸರಕು ಈ ನೆಲದಲ್ಲಿ ತಡವಾಗಿ ಬೆಳೆಯಿತೆನ್ನಬೇಕು.

ಉಗಿ ಎಂಜಿನ್ ಬಂದ ಮೇಲೆ ಸರಕಿನ ಹಾಯಿಹಡಗಿನ ದಿನ ಮುಗಿಯುತ್ತ ಬಂತು. ವಿಹಾರಯಾನದ ಕಥೆ ಶುರುವಾಗುವುದು ಅಲ್ಲಿಂದ. ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಸ್ಕೂನರ್ ಎಂಬ ಎರಡು ಮೂರು ಕಂಬದ ದೋಣಿಗಳು ಕಲ್ಲು, ಸೌದೆ, ಇಟ್ಟಿಗೆ ಸಾಗಿಸುತ್ತಿದ್ದವು. ಆರ್ಥಿಕ ಮುಗ್ಗಟ್ಟಿನ 1930ರ ದಶಕದಲ್ಲಿ ಅವು ಕೊಲ್ಲಿಗಳ ಕೆಸರಿನಲ್ಲಿ ಬಿದ್ದಿದ್ದವು. 1936ರಲ್ಲಿ ಫ್ರಾಂಕ್ ಸ್ವಿಫ್ಟ್ ಎಂಬ ಕ್ಯಾಪ್ಟನ್ ಕ್ಯಾಮ್ಡೆನ್ ಊರಿನಿಂದ ಒಂದು ಹಳೆಯ ಸ್ಕೂನರ್‌ನಲ್ಲಿ ಪೇಟೆಯ ಜನರನ್ನು ವಾರಗಟ್ಟಲೆ ತಿರುಗಿಸಲು ಹೊರಟ. ಮೊದಲ ಸಲ ಬಂದವರು ಬಾಸ್ಟನ್ನಿನ ಮೂವರು ಹೆಂಗಸರು. ಎರಡನೆಯ ಸಲ ಬಹುಶಃ ಯಾರೂ ಇರಲಿಲ್ಲವೆಂದು ಆತನೇ ಆಮೇಲೆ ನೆನೆಸಿಕೊಂಡಿದ್ದಾನೆ. ಆದರೂ ವ್ಯಾಪಾರ ಕುದುರಿತು. ಈಗಲೂ ಅಲ್ಲಿ 1871ರಲ್ಲಿ ಕಟ್ಟಿದ ಸ್ಟೀಫನ್ ಟೇಬರ್, ಅದೇ ವರ್ಷದ ಲೂಯಿಸ್ ಆರ್. ಫ್ರೆಂಚ್ ಪ್ರವಾಸಿಗರನ್ನು ಕರೆದೊಯ್ಯುತ್ತವೆ. ಎರಡಕ್ಕೂ ಒಡಲಲ್ಲಿ ಎಂಜಿನ್ ಇಲ್ಲ. ಗಾಳಿ ಪೂರ್ತಿ ಬಿದ್ದರೆ ಹಿಂದೆ ಕಟ್ಟಿಕೊಂಡ ಸಣ್ಣ ಯಂತ್ರದೋಣಿ ಬಂದು ಬೆನ್ನಿಗೆ ಮೂಗು ಒತ್ತಿ ತಳ್ಳುತ್ತದೆ.

ಅಂಥ ಹಡಗಿನ ಒಂದು ದಿನ ಹೀಗೆ. ಬೆಳಗಾಗುವ ಮುಂಚೆ ಅಡುಗೆಯವರು ಕಟ್ಟಿಗೆ ಒಲೆ ಹೊತ್ತಿಸುತ್ತಾರೆ. ಹೊಗೆಯ ವಾಸನೆ, ಕಾಫಿಯ ವಾಸನೆ ಕೂಡಿ ಮೇಲೆ ಬರುತ್ತದೆ. ಮಲಗುವ ಕೋಣೆ ರೈಲಿನ ಬರ್ತ್‌ನಷ್ಟೇ ಅಗಲ, ಎದ್ದು ನೇರ ನಿಂತರೆ ತಲೆ ತೊಲೆಗೆ ಬಡಿಯಬಹುದು. ತಿಂಡಿಯಾದ ಮೇಲೆ ಲಂಗರು ಎತ್ತುವ ಕೆಲಸ: ಸರಪಳಿ ಕೆಸರು ಮೆತ್ತಿಕೊಂಡು ಒಂದೊಂದೇ ಕೊಂಡಿ ಮೇಲೇರುತ್ತದೆ. ಆಮೇಲೆ ಹಾಯಿ. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ನಿಂತು ಎರಡು ಹಗ್ಗ ಎಳೆಯಬೇಕು, ಒಂದು ಕಡೆಯವರು ಅವಸರ ಮಾಡಿದರೆ ಮೇಲಿನ ತೊಲೆ ಓರೆಯಾಗುತ್ತದೆ. ಕೊನೆಯ ಒಂದು ಗೇಣು ಅತ್ಯಂತ ಕಷ್ಟದ್ದು. ಅದಾದ ಮೇಲೆ ಕೆಲಸವಿಲ್ಲ. ಬೇಕಾದವರು ಚುಕ್ಕಾಣಿ ಹಿಡಿಯಬಹುದು, ಬೇಡವಾದವರು ಹಗ್ಗದ ಸುರುಳಿಗೆ ಒರಗಿ ನಿದ್ದೆ ಮಾಡಬಹುದು. ಎಲ್ಲಿಗೆ ಹೋಗಬೇಕೆಂಬುದನ್ನು ಮುಂಚೆ ಗೊತ್ತುಮಾಡಿರುವುದಿಲ್ಲ. ಗಾಳಿ ಒಪ್ಪಿದ ದ್ವೀಪದ ಮರೆಯಲ್ಲಿ ಸಂಜೆ ಮತ್ತೆ ಲಂಗರು.

ಟರ್ಕಿಯಲ್ಲಿ ಈ ಪ್ರವಾಸವನ್ನು ಜನಪ್ರಿಯ ಮಾಡಿದವನು ಶಿಕ್ಷೆಗೊಳಗಾದ ಲೇಖಕ. ಜೆವಾತ್ ಶಾಕಿರ್ 1925ರಲ್ಲಿ ಬೋದ್ರುಮ್ ಎಂಬ ಮೀನುಗಾರರ ಊರಿಗೆ ಗಡೀಪಾರಾದ. ಊರು ಹಿಡಿಸಿತು, ಶಿಕ್ಷೆ ಮುಗಿದ ಮೇಲೆ ಅಲ್ಲಿಗೇ ಮರಳಿ ನೆಲೆಸಿದ. ಸ್ಪಂಜು ತೆಗೆಯುವವರ ದೋಣಿಯಲ್ಲಿ ಸ್ನೇಹಿತ ಸಾಹಿತಿಗಳನ್ನು ಕೂರಿಸಿಕೊಂಡು ಕೊಲ್ಲಿಕೊಲ್ಲಿ ಸುತ್ತಿದ. ಅದಕ್ಕೆ ‘ನೀಲಿ ಯಾನ’ವೆಂಬ ಹೆಸರು ಬಿತ್ತು, ಗುಲೆಟ್ ಎಂಬ ಆ ಮರದ ದೋಣಿ ಈಗ ದೊಡ್ಡ ಉದ್ಯಮ. ಇಂಡೊನೇಷ್ಯದ ದಕ್ಷಿಣ ಸುಲಾವೆಸಿಯ ಪಿನಿಸಿ ಹಡಗು ಕಟ್ಟುವ ಕಲೆ 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಮಸಾಲೆ, ಮರ ಸಾಗಿಸುತ್ತಿದ್ದ ಆ ಮಾದರಿಯ ಹಡಗುಗಳು ಈಗ ಕೊಮೊಡೊ ದ್ವೀಪಗಳಿಗೆ ಪ್ರವಾಸಿಗರನ್ನು ಒಯ್ಯುತ್ತವೆ. ನಮ್ಮ ಹತ್ತಿರದ ಉದಾಹರಣೆ ಕೇರಳದ ಕೆಟ್ಟುವಳ್ಳಂ. ಕುಟ್ಟನಾಡಿನ ಭತ್ತ ಹೊರುತ್ತಿದ್ದ, ಹಗ್ಗದಿಂದ ಹೊಲಿದ ಈ ದೊಡ್ಡ ದೋಣಿ ರಸ್ತೆಗಳಾದ ಮೇಲೆ ಮೂಲೆಗುಂಪಾಯಿತು. 1990ರ ದಶಕದಲ್ಲಿ ಅದರ ಮೇಲೆ ಬಿದಿರಿನ ಚಾವಣಿ ಹಾಕಿ ಮಂಚ ಇಟ್ಟರು, ಆಲಪ್ಪುಳದ ಹೌಸ್‌ಬೋಟ್ ಹುಟ್ಟಿತು. ಅದು ಮಿತಿಮೀರಿದರೆ ಏನಾಗುತ್ತದೆಂಬುದನ್ನೂ ಆಲಪ್ಪುಳವೇ ತೋರಿಸುತ್ತದೆ: ಹಿನ್ನೀರಿನ ಮೇಲೆ ಡೀಸೆಲ್ ಪಸೆ, ಕಾಲುವೆಗಳಲ್ಲಿ ದೋಣಿಗಳ ಟ್ರಾಫಿಕ್ ಜಾಮ್.

ಇನ್ನು ಶ್ರೀಮಂತರ ದಾರಿಯೇ ಬೇರೆ. 1931ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಅಮೆರಿಕದ ಕೋಟ್ಯಧೀಶರಿಗಾಗಿ ಕಟ್ಟಿದ ನಾಲ್ಕು ಕಂಬದ ‘ಸೀ ಕ್ಲೌಡ್’ ಈಗ ಅರವತ್ತು ಚಿಲ್ಲರೆ ಅತಿಥಿಗಳ ಪ್ರವಾಸಿ ಹಡಗು. 2000ದಲ್ಲಿ ಬಂದ ಐದು ಕಂಬದ ‘ರಾಯಲ್ ಕ್ಲಿಪ್ಪರ್’ 134 ಮೀಟರ್ ಉದ್ದ, ಅದಕ್ಕೆ 42 ಹಾಯಿಗಳು. ನೋಡಲು ಭವ್ಯ, ಸಂಶಯವಿಲ್ಲ. ಆದರೆ ಅಲ್ಲಿ ಹಗ್ಗ ಎಳೆಯುವುದು ಬಹುಪಾಲು ಯಂತ್ರ, ಅತಿಥಿ ನೋಡುತ್ತ ನಿಲ್ಲುವವನು. ಸ್ಕೂನರ್‌ನ ಕಟ್ಟಿಗೆ ಒಲೆಯ ಪಕ್ಕ ಇವನ್ನಿಟ್ಟರೆ ಹೋಟೆಲಿಗೆ ಹಾಯಿ ಕಟ್ಟಿದಂತೆ ತೋರುತ್ತದೆ.

ಅಪಾಯದ ಮಾತನ್ನು ಮರೆಮಾಚಬಾರದು. 1998ರ ಅಕ್ಟೋಬರಿನಲ್ಲಿ ಕೆರಿಬಿಯನ್ ವಿಹಾರಯಾನದ ನಾಲ್ಕು ಕಂಬದ ‘ಫ್ಯಾಂಟಮ್’ ಹಡಗು ಮಿಚ್ ಚಂಡಮಾರುತದ ದಾರಿಯಿಂದ ತಪ್ಪಿಸಿಕೊಳ್ಳಲು ಪ್ರಯಾಣಿಕರನ್ನು ಬೆಲೀಜ್‌ನಲ್ಲಿ ಇಳಿಸಿ ಹೊರಟಿತು. ಚಂಡಮಾರುತ ದಿಕ್ಕು ಬದಲಿಸಿ ಅದರ ಮೇಲೆಯೇ ಬಂತು. 31 ಸಿಬ್ಬಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. 2012ರಲ್ಲಿ ಸ್ಯಾಂಡಿ ಚಂಡಮಾರುತಕ್ಕೆ ಸಿಕ್ಕಿ ‘ಬೌಂಟಿ’ಯ ಪ್ರತಿಕೃತಿ ಮುಳುಗಿತು. ಮರದ ಹಡಗು ಚಂದ, ಹವಾಮಾನದ ಮುನ್ಸೂಚನೆ ಅದಕ್ಕಿಂತ ಮುಖ್ಯ.

ಕರ್ನಾಟಕದ ಕರಾವಳಿಯಲ್ಲಿ ಪ್ರವಾಸಿಗರನ್ನು ಹೊತ್ತು ದಿನಗಟ್ಟಲೆ ಸಾಗುವ ಹಾಯಿಹಡಗಿನ ಪದ್ಧತಿ ಬೆಳೆದಿಲ್ಲ. ಬೆಳೆಯಲು ಬೇಕಾದ ಬೇರು ಮಾತ್ರ ಇದೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಒಯ್ಯುವ ಮರದ ಮಂಜಿಗಳು ಹಿಂದಿನ ಹಾಯಿಹಡಗುಗಳ ನೇರ ವಂಶಸ್ಥರು. ಈಗ ಅವು ಎಂಜಿನ್ ಮೇಲೆ ಓಡುತ್ತವೆ, ಮಳೆಗಾಲದಲ್ಲಿ ಕಟ್ಟಿಹಾಕಿಸಿಕೊಂಡು ನಿಲ್ಲುತ್ತವೆ. ಹೊರುವುದು ಸರಕನ್ನು, ಪ್ರವಾಸಿಗರನ್ನಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಂದ ಕಟ್ಟಡ ಕೆಲಸಕ್ಕೆಂದು ಮಂಗಳೂರಿಗೆ, ಗೋವೆಗೆ ಗುಳೆ ಹೋಗುವ ಕುಟುಂಬಗಳಿಗೆ ಕಡಲು ಕಾಣುವುದೇ ಹೀಗೆ: ದಕ್ಕೆಯ ಆಚೆ, ಪಾಳಿ ಮುಗಿದ ಮೇಲೆ.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಒಂದು ವಿಶೇಷ ಹಡಗು ನೌಕಾಪಡೆ ಸೇರಿತು. ‘ಕೌಂಡಿನ್ಯ’ ಎಂಬ ಈ ಹಡಗಿಗೆ ಮಾದರಿ 5ನೇ ಶತಮಾನದ ಅಜಂತಾ ವರ್ಣಚಿತ್ರ. ಸುಮಾರು 20 ಮೀಟರ್ ಉದ್ದದ ಒಡಲನ್ನು ಕೇರಳದ ಬಾಬು ಶಂಕರನ್ ಮತ್ತು ಅವರ ಕುಶಲಕರ್ಮಿಗಳು ಗೋವೆಯಲ್ಲಿ ಹಲಗೆಗೆ ಹಲಗೆ ಹೊಲಿದು ಕಟ್ಟಿದರು: ತೆಂಗಿನ ನಾರಿನ ಹಗ್ಗ, ಸಂದುಗಳಿಗೆ ನಾರು, ಮೇಲೆ ಮರದ ಅಂಟು. ಚಿತ್ರದಲ್ಲಿ ಅಳತೆಗಳಿರಲಿಲ್ಲ, ನಕ್ಷೆಯಂತೂ ಇಲ್ಲವೇ ಇಲ್ಲ. ವಿನ್ಯಾಸದ ಮಾದರಿಯನ್ನು ಐಐಟಿ ಮದ್ರಾಸ್‌ನ ನೀರಿನ ತೊಟ್ಟಿಯಲ್ಲಿ ಪರೀಕ್ಷಿಸಿ ಮುಂದುವರಿದರು. ಅದರ ಹಾಯಿಯ ಮೇಲೆ ಕದಂಬರ ನೆನಪಿಗೆ ಗಂಡಭೇರುಂಡ, ಜೊತೆಗೆ ಸೂರ್ಯ, ಮೂತಿಯಲ್ಲಿ ಸಿಂಹಯಾಳಿ. 2025ರ ಡಿಸೆಂಬರ್ 29ರಂದು ಪೋರಬಂದರದಿಂದ ಹೊರಟು 2026ರ ಜನವರಿ ಮಧ್ಯದಲ್ಲಿ ಅದು ಮಸ್ಕತ್ ಮುಟ್ಟಿತು. ಒಳಗೆ ಕೋಣೆಗಳಿಲ್ಲ, ಸಿಬ್ಬಂದಿ ತೆರೆದ ಡೆಕ್ ಮೇಲೆಯೇ ಮಲಗಿದರು. ನಿಕಿತಿನ್ ಬಂದ ಹೊರ್ಮುಜ್ ಅಲ್ಲಿಂದ ದೂರವಿಲ್ಲ.

ನೌಕಾಪಡೆಗೆ ಇನ್ನೆರಡು ಹಾಯಿಹಡಗುಗಳಿವೆ. ಗೋವಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಿ 1997ರಲ್ಲಿ ಸೇವೆಗೆ ಬಂದ ಮೂರು ಕಂಬದ ‘ತರಂಗಿಣಿ’ 2003–04ರಲ್ಲಿ ಭೂಪ್ರದಕ್ಷಿಣೆ ಮಾಡಿತು. 2012ರಲ್ಲಿ ಅದರ ತಂಗಿ ‘ಸುದರ್ಶಿನಿ’ ಬಂತು. ಎರಡೂ ತರಬೇತಿ ಹಡಗುಗಳು, ಟಿಕೆಟ್ ತೆಗೆದು ಹತ್ತುವಂತಿಲ್ಲ. ವಿಜಯಪುರದ ಹುಡುಗನೊಬ್ಬ ಅಲ್ಲಿಗೆ ಮುಟ್ಟಬೇಕಾದರೆ ದಾರಿ ಒಂದೇ: 1963ರಿಂದ ಊರಲ್ಲೇ ಇರುವ ಸೈನಿಕ ಶಾಲೆಯಂಥ ಮೆಟ್ಟಿಲು ಹತ್ತಿ ನೌಕಾಪಡೆ ಸೇರುವುದು.

ಮತ್ತೆ ಕೃಷ್ಣೆಗೆ ಬಂದರೆ, ಹರಿಗೋಲಿನ ಕೆಲಸ ಹೋದದ್ದು ಉಗಿ ಎಂಜಿನ್ನಿನಿಂದಲ್ಲ, ಅಣೆಕಟ್ಟು ಮತ್ತು ಸೇತುವೆಯಿಂದ. ಆಲಮಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟರು, 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ದೇಶಕ್ಕೆ ಅರ್ಪಿಸಿದರು. 26 ಗೇಟುಗಳ ಹಿಂದೆ, 519.60 ಮೀಟರ್ ಮಟ್ಟದವರೆಗೆ, 123 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಕೆಳಗೆ ನಾರಾಯಣಪುರದ ಬಸವಸಾಗರ. ಅದರ ಹಿನ್ನೀರು ಕೂಡಲಸಂಗಮದ ಐಕ್ಯಮಂಟಪವನ್ನು ಸುತ್ತುವರಿದದ್ದರಿಂದ ಮಂಟಪಕ್ಕೆ ದುಂಡನೆಯ ಗೋಡೆ ಕಟ್ಟಿ, ಬಾವಿಗಿಳಿದಂತೆ ಒಳಗಿಳಿದು ದರ್ಶನ ಪಡೆಯುವ ಏರ್ಪಾಡು ಮಾಡಿದ್ದಾರೆ. ಕೊಲ್ಹಾರ–ಕೊರ್ತಿ ನಡುವೆ ಸುಮಾರು ಮೂರು ಕಿಲೋಮೀಟರ್ ಉದ್ದದ ಸೇತುವೆ ಬಂತು. ಅದರ ಮೇಲೆ ಬಸ್ಸು ನಿಂತಾಗ ಕಿಟಕಿಯಿಂದ ಕಾಣುವುದು ಕಡಲಿನಂಥ ನೀರು. ದಡ ಮುಟ್ಟಿದರೆ ಕೊಲ್ಹಾರದ ಗಡಿಗೆ ಮೊಸರು. ಇದೇ ನೀರಿನಡಿ ಎಷ್ಟೋ ಊರುಗಳು ಮುಳುಗಡೆಯಾಗಿವೆ, ಅವುಗಳ ಜನ ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಅವರ ಮುಂದೆ ‘ಜಲವಿಹಾರ’ ಎಂಬ ಪದ ಎತ್ತುವವರು ಸ್ವಲ್ಪ ಯೋಚಿಸಿ ಎತ್ತಬೇಕು.

ಇಷ್ಟು ದೊಡ್ಡ ಜಲರಾಶಿಯ ಮೇಲೆ ವಿಹಾರವೆಂದರೆ ಸದ್ಯಕ್ಕೆ ಆಲಮಟ್ಟಿ ಉದ್ಯಾನದ ದೋಣಿಸವಾರಿ, ಸಂಗೀತ ಕಾರಂಜಿಯ ಮುಂಚೆ ಮಕ್ಕಳ ಹಟಕ್ಕೆ ಹತ್ತುವಂಥದ್ದು. ಹರಿಗೋಲಿಗೆ ಎರಡನೆಯ ಬದುಕು ಸಿಕ್ಕಿದ್ದು ಬೇರೆಡೆ: ಹಂಪಿಯ ತುಂಗಭದ್ರೆಯಲ್ಲಿ, ಹೊಗೇನಕಲ್ಲಿನಲ್ಲಿ, ಕಬಿನಿಯಲ್ಲಿ. ಅಲ್ಲೆಲ್ಲ ಅಂಬಿಗರ ಮಕ್ಕಳು ಪ್ರವಾಸಿಗರನ್ನು ಬೇಕೆಂದೇ ಸುತ್ತಿಸಿ ಕಿರುಚಿಸುತ್ತಾರೆ. ಕೃಷ್ಣಾ, ಭೀಮಾ ತೀರದ ಅಂಬಿಗರು, ಕಬ್ಬಲಿಗರು ಮೀನಿಗೆ ಬಲೆ ಬೀಸಲು ತೆಪ್ಪ ಇಟ್ಟುಕೊಂಡಿದ್ದಾರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಸೀಮೆಯ ಹೊಳೆಸಾಲಿನ ಹಳ್ಳಿಗಳಿಗೆ ನುಗ್ಗಿದಾಗ ಮತ್ತೆ ದೋಣಿಯ ಬೆಲೆ ಗೊತ್ತಾಯಿತು.

ಆಲಮಟ್ಟಿ ಹಿನ್ನೀರಿನಲ್ಲಿ ಸಣ್ಣ ಹಾಯಿದೋಣಿ ಓಡಿಸುವುದಕ್ಕೆ ತಾಂತ್ರಿಕ ಅಡ್ಡಿಯೇನಿಲ್ಲ. ಒಳನಾಡಿನ ಕೆರೆಗಳಲ್ಲಿ ಹಾಯಿ ಕಲಿಯುವವರು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಅಭ್ಯಾಸ ಮಾಡುತ್ತಾರೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ವರ್ಷವೂ ಸ್ಪರ್ಧೆ ನಡೆಯುತ್ತದೆ. ನಿಜವಾದ ತೊಡಕು ನೀರಿನ ಮಟ್ಟ. ಆಗಸ್ಟಿನಲ್ಲಿ ತುಂಬಿ ನಿಂತ ದಡ ಮೇ ತಿಂಗಳಿಗೆ ದೂರ ಸರಿದು, ನಡುವೆ ಕಾಲು ಹೂಳುವ ರಾಡಿ ಉಳಿಯುತ್ತದೆ. ಸ್ಥಿರವಾದ ಕಟ್ಟೆಗಿಂತ ನೀರಿನೊಡನೆ ಏರಿಳಿಯುವ ತೇಲುಕಟ್ಟೆಯೇ ಬೇಕು. ಮುಂಗಾರಿನ ಗಾಳಿಗೆ ಬಯಲಿನಲ್ಲಿ ತಡೆಯಿಲ್ಲದ್ದರಿಂದ ಅಲೆ ಜೋರು. ಒಳ್ಳೆಯ ಕಾಲವೆಂದರೆ ಅಕ್ಟೋಬರ್‌ನಿಂದ ಫೆಬ್ರವರಿ. ಆದರೆ ಆಗಲೇ ಫ್ಲೆಮಿಂಗೊಗಳಂಥ ವಲಸೆ ಹಕ್ಕಿಗಳು ಹಿನ್ನೀರಿನ ಅಂಚಿಗೆ ಇಳಿಯುತ್ತವೆ. ಯಂತ್ರದೋಣಿಯ ಸದ್ದಿಗೆ ಅವು ಏಳುತ್ತವೆ. ಸದ್ದಿಲ್ಲದ ಹಾಯಿಯ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಮಾತು ಬಹುಶಃ ಇದೇ.

ಈ ತಾಲ್ಲೂಕುಗಳಿಂದ ಕಡಲಿಗೆ ಹೊರಡುವವರಿಗೆ ರೈಲು ಅನುಕೂಲ. ಹೊಟಗಿ–ಗದಗ ಮಾರ್ಗದಲ್ಲಿ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ ನಿಲ್ದಾಣಗಳಿವೆ. ವಿಜಯಪುರದಿಂದ ಹುಬ್ಬಳ್ಳಿ, ಹಾಸನದ ಮೇಲೆ ಮಂಗಳೂರಿಗೂ ಗಾಡಿ ಇದೆ. ಸಿಂದಗಿ, ಮುದ್ದೇಬಿಹಾಳದವರು ಮೊದಲು ಬಸ್ಸು ಹಿಡಿಯಬೇಕು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ‘ಚಪಲ್’ ಯುದ್ಧನೌಕೆ ಮ್ಯೂಸಿಯಂ ಆಗಿ ನಿಂತಿದೆ, ಶಾಲಾ ಪ್ರವಾಸಗಳಿಗೆ ಹಡಗಿನ ಒಡಲು ಹೊಕ್ಕು ನೋಡುವ ಅವಕಾಶ ಅದು. ಲಕ್ಷದ್ವೀಪಕ್ಕೆ ಹೋಗುವವರು ಪ್ರವೇಶ ಪರವಾನಗಿ ಮೊದಲೇ ಪಡೆಯಬೇಕು. ಎಲ್ಲಿ ಹತ್ತಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿಯ ಸಣ್ಣ ಹಡಗುಗಳ ಮಾತು ಬಿಟ್ಟುಬಿಡುವುದು ಒಳ್ಳೆಯದು.

ಬಯಲುಸೀಮೆಯವರಿಗೆ ಕಡಲಿನ ಅಂದಾಜು ಸಿಗುವುದು ನಿಧಾನ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಅಲೆಗೆ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಘಟ್ಟದ ಮೇಲಿನಿಂದ ಜಾತ್ರೆಗೆಂದೇ ಬಂದಿದ್ದವರೂ ಇದ್ದರು. ಹೊಳೆ, ಹಿನ್ನೀರುಗಳ ದೋಣಿಗಳಿಗೆ ಈಗ 1917ರ ಹಳೆಯ ಕಾನೂನಿನ ಬದಲು 2021ರ ಒಳನಾಡು ಹಡಗು ಕಾಯ್ದೆ ಅನ್ವಯಿಸುತ್ತದೆ. ನೋಂದಣಿ, ತಪಾಸಣೆ, ಜೀವರಕ್ಷಕ ಸಾಮಗ್ರಿ ಕಡ್ಡಾಯ, ಯಂತ್ರವಿಲ್ಲದ ದೋಣಿಗಳ ಲೆಕ್ಕವನ್ನೂ ಸ್ಥಳೀಯವಾಗಿ ಇಡಬೇಕು. ಹಿನ್ನೀರಿನ ದಡವೂ ಈಗಿರುವಂತೆ ಉಳಿಯಲಿಕ್ಕಿಲ್ಲ: ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಒಪ್ಪಿದೆ. ಗೇಟುಗಳು ಅಷ್ಟು ಎತ್ತರವಾದ ದಿನ ಕೊಲ್ಹಾರದ ಕಡೆಯ ಹಿನ್ನೀರು ಇನ್ನಷ್ಟು ಹೊಲಗಳ ಮೇಲೆ ಹರಡುತ್ತದೆ, ದೋಣಿ ಕಟ್ಟುವ ದಡವನ್ನು ಹೊಸದಾಗಿ ಗುರುತಿಸಬೇಕಾಗುತ್ತದೆ.